ಸಂಜೆಯಾದರೆ ನಿಧಾನವಾಗುವ ಸರ್ವರ್: ಮೇನ್‌ಫ್ರೇಮ್ ಮೇಲಿನ ಲಿನಕ್ಸ್‌ಗೆ ದೋಷ ನಿವಾರಣೆ ಕೈಪಿಡಿ

ಮಂಗಳೂರಿನಲ್ಲಿ ಕುಳಿತು, ಹೊರ ಊರಿನ ಡೇಟಾ ಸೆಂಟರಿನಲ್ಲಿರುವ ಐಬಿಎಂ ಜೆಡ್ ಮೇನ್‌ಫ್ರೇಮಿನ (ಹಲವು ಸರ್ವರ್‌ಗಳನ್ನು ಒಟ್ಟಿಗೆ ಓಡಿಸುವ ದೊಡ್ಡ ಕಂಪ್ಯೂಟರಿನ) ಲಿನಕ್ಸ್ ಸರ್ವರ್‌ಗಳನ್ನು ಪಾಳಿಯ ಮೇಲೆ ನೋಡಿಕೊಳ್ಳುವವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಎತ್ತಿಕೊಂಡಿರುವುದು ಒಂದೇ ದೂರು. ಹಗಲೆಲ್ಲ ಸರಿಯಾಗಿ ಓಡಿದ ಸರ್ವರ್, ಸಂಜೆ ಬೈಂದೂರಿನಿಂದ ಸುಳ್ಯದವರೆಗಿನ ಶಾಖೆಗಳು ದಿನದ ಲೆಕ್ಕ ಮುಗಿಸುವ ಹೊತ್ತಿಗೆ ನಿಧಾನವಾಗುತ್ತದೆ. ಪರದೆ ತೆರೆಯಲು ತಡವಾಗುತ್ತದೆ, ಬ್ಯಾಚ್ ಕೆಲಸ ಹೇಳಿದ ವೇಳೆಗೆ ಮುಗಿಯುವುದಿಲ್ಲ, ಆದರೆ ಒಳಗೆ ಹೋಗಿ ನೋಡಿದರೆ ಅಪ್ಲಿಕೇಶನ್ನು ಪ್ರೊಸೆಸರಿನ ಅರ್ಧದಷ್ಟನ್ನೂ ಬಳಸಿರುವುದಿಲ್ಲ. ಇಂಥ ದೂರಿಗೆ ಮೊದಲು ಹೊಳೆಯುವ ಪರಿಹಾರವೆಂದರೆ ಇನ್ನೆರಡು ಪ್ರೊಸೆಸರ್ ಕೊಡಿ, ಮೆಮೊರಿ ಹೆಚ್ಚಿಸಿ ಎಂಬ ಮನವಿ. ಮೇನ್‌ಫ್ರೇಮಿನಲ್ಲಿ ಈ ಮನವಿ ಎಷ್ಟೋ ಸಲ ತೊಂದರೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಏನನ್ನೂ ಹೆಚ್ಚಿಸುವ ಮೊದಲು ಯಾವ ಯಾವ ಅಂತಸ್ತಿನಲ್ಲಿ ಏನೇನು ನೋಡಬೇಕೆಂಬುದನ್ನು ಮುಂದೆ ವಿವರಿಸಲಾಗಿದೆ.

ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದೆ. ಲಿನಕ್ಸಿನಲ್ಲಿ ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರವೇ.

ಯಾವುದರ ಮೇಲೆ ಯಾವುದು ಓಡುತ್ತಿದೆ

ಸುರತ್ಕಲ್, ನಿಟ್ಟೆ, ಮಣಿಪಾಲಗಳಲ್ಲಿ ಓದಿ ತಂಡಕ್ಕೆ ಸೇರುವ ಹೊಸಬರು ಲಿನಕ್ಸನ್ನು ಚೆನ್ನಾಗಿಯೇ ಬಲ್ಲವರು. ಅವರಿಗೆ ಹೊಸದು ಲಿನಕ್ಸಲ್ಲ, ಅದರ ಕೆಳಗಿರುವ ಅಂತಸ್ತುಗಳು. ಐಬಿಎಂ 1999ರ ಕೊನೆಯಲ್ಲಿ ತನ್ನ ಎಸ್/390 ಯಂತ್ರಗಳಿಗೆ ಲಿನಕ್ಸ್ ಕರ್ನೆಲ್ಲಿನ (ಅದರ ತಿರುಳು ಭಾಗದ) ಬದಲಾವಣೆಗಳನ್ನು ಬಹಿರಂಗಪಡಿಸಿತು. ಮರುವರ್ಷ ಲಿನಕ್ಸ್‌ಗೆಂದೇ ಮೀಸಲಾದ ಐಎಫ್‌ಎಲ್ ಎಂಬ ಪ್ರೊಸೆಸರ್ ಬಂತು. ಇಂದಿಗೂ ಆ ಯಂತ್ರವಿನ್ಯಾಸದ (ಆರ್ಕಿಟೆಕ್ಚರಿನ) ಹೆಸರು ಲಿನಕ್ಸಿನಲ್ಲಿ ಎಸ್390ಎಕ್ಸ್ ಎಂದೇ ಕಾಣಿಸುತ್ತದೆ. ಯಂತ್ರದಲ್ಲಿರುವ ಐಎಫ್‌ಎಲ್‌ಗಳನ್ನು ಮೊದಲು ಪ್ರಿಸಂ ಎಂಬ ಫರ್ಮ್‌ವೇರ್ (ಯಂತ್ರದೊಳಗೇ ಇರುವ ತಂತ್ರಾಂಶ) ಎಲ್‌ಪಾರ್‌ಗಳಿಗೆ, ಅಂದರೆ ಯಂತ್ರದ ವಿಭಾಗಗಳಿಗೆ, ಹಂಚುತ್ತದೆ. ಒಂದು ಎಲ್‌ಪಾರ್‌ನೊಳಗೆ ಜೆಡ್/ವಿಎಂ ಎಂಬ ಹೈಪರ್‌ವೈಸರ್ ಓಡುತ್ತದೆ, ಅದು ತನಗೆ ಸಿಕ್ಕಿದ್ದನ್ನು ಮತ್ತೆ ಹತ್ತಾರು ಲಿನಕ್ಸ್ ಗೆಸ್ಟ್‌ಗಳಿಗೆ, ಅಂದರೆ ತಮಗೇ ಒಂದು ಯಂತ್ರವಿದೆಯೆಂಬಂತೆ ಓಡುವ ಸರ್ವರುಗಳಿಗೆ, ಹಂಚುತ್ತದೆ. ಹೀಗಾಗಿ ಒಂದು ಲಿನಕ್ಸ್ ಸರ್ವರಿಗೆ ಕಾಣುವ ಪ್ರೊಸೆಸರ್ ಎರಡು ಸಲ ಹಂಚಿ ಉಳಿದ ಪಾಲು. ಕೊರತೆಯೂ ಈ ಎರಡರಲ್ಲಿ ಯಾವ ಕಡೆಯಾದರೂ ಹುಟ್ಟಬಹುದು.

ನಿಮ್ಮ ಸರ್ವರ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಊಹಿಸಬೇಕಾಗಿಲ್ಲ. ಪ್ರಾಕ್ ಡೈರೆಕ್ಟರಿಯ ಸಿಸ್‌ಇನ್ಫೋ ಕಡತವನ್ನು ತೆರೆದರೆ ಯಂತ್ರದ ಮಾದರಿ, ಎಲ್‌ಪಾರ್‌ನ ಹೆಸರು, ಅದರ ಪ್ರೊಸೆಸರುಗಳಲ್ಲಿ ಮೀಸಲಾದವು ಎಷ್ಟು, ಹಂಚಿಕೊಂಡವು ಎಷ್ಟು, ಜೆಡ್/ವಿಎಂ ಈ ಗೆಸ್ಟಿಗೆ ಎಷ್ಟು ವರ್ಚುವಲ್ ಪ್ರೊಸೆಸರ್ ಕೊಟ್ಟಿದೆ ಎಂಬುದೆಲ್ಲ ಒಂದರ ಕೆಳಗೊಂದು ಇರುತ್ತದೆ. ದೂರು ಬಂದೊಡನೆ ಈ ಕಡತದ ಪ್ರತಿಯನ್ನು ಟಿಕೆಟ್ಟಿಗೆ ಅಂಟಿಸುವ ರೂಢಿಯನ್ನು ಪಾಳಿಯವರು ಇಟ್ಟುಕೊಳ್ಳಬೇಕು.

ನಿಧಾನವೋ, ನಿಂತಿದೆಯೋ, ಲೈನಿನ ತೊಂದರೆಯೋ

ಜೂನ್ ತಿಂಗಳಿನಿಂದ ಮೂರು ತಿಂಗಳು ಕರಾವಳಿಯಲ್ಲಿ ಸರ್ವರ್ ನಿಧಾನ ಎಂಬ ದೂರುಗಳಲ್ಲಿ ಒಂದು ಪಾಲು ಸರ್ವರಿನವೇ ಅಲ್ಲ. ಗಾಳಿಮಳೆಗೆ ಮುಖ್ಯ ಲಿಂಕ್ ಬಿದ್ದು ಸಂಪರ್ಕ ಬದಲಿ ದಾರಿಗೆ ಹೊರಳಿದಾಗ, ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಸಂಪರ್ಕದಲ್ಲಿ) ಒತ್ತಿದ ಅಕ್ಷರ ಪರದೆಗೆ ಬರುವುದೇ ತಡವಾಗುತ್ತದೆ. ಗೆಸ್ಟಿನೊಳಗಿಂದಲೇ ಅದರ ಗೇಟ್‌ವೇಗೆ ಪಿಂಗ್ ಮಾಡಿ, ಅಪ್ಲಿಕೇಶನ್ನನ್ನು ಅದೇ ಗೆಸ್ಟಿನ ಒಳಗಿನಿಂದ ಕರ್ಲ್ ಕಮಾಂಡಿನ ಮೂಲಕ ಕರೆದು ನೋಡಿ. ಒಳಗಿನಿಂದ ಉತ್ತರ ಚುರುಕಾಗಿ ಬಂದರೆ ಟಿಕೆಟ್ಟನ್ನು ನೆಟ್‌ವರ್ಕ್ ತಂಡಕ್ಕೆ ಕಳಿಸಬಹುದು.

ಸರ್ವರ್ ಪೂರ್ತಿ ನಿಂತಿದ್ದರೆ ದಾರಿ ಬೇರೆ. ಆಗ ಜೆಡ್/ವಿಎಂನಲ್ಲಿ ಆ ಗೆಸ್ಟಿನ ಕನ್ಸೋಲನ್ನು ನೋಡಲೇಬೇಕು, ಏಕೆಂದರೆ ಎಕ್ಸ್86 (ಸಾಮಾನ್ಯ ಪಿಸಿ, ಸರ್ವರುಗಳ ಪ್ರೊಸೆಸರ್ ಬಗೆ) ಜಗತ್ತಿನಿಂದ ಬಂದವರು ಊಹಿಸಲಾರದ ಒಂದೆರಡು ಕಾರಣಗಳು ಅಲ್ಲೇ ಅಡಗಿರುತ್ತವೆ. 3270 ಎಂಬ ಮೇನ್‌ಫ್ರೇಮ್ ಟರ್ಮಿನಲ್ ಪರದೆಯ ಬಲ ಕೆಳಮೂಲೆಯಲ್ಲಿ ಒಂದು ಸ್ಥಿತಿಸೂಚಕ ಪದವಿರುತ್ತದೆ. ಅಲ್ಲಿ ಮೋರ್ ಅಥವಾ ಹೋಲ್ಡಿಂಗ್ ಎಂದಿದ್ದರೆ ಪರದೆ ತುಂಬಿದೆ, ಯಾರೋ ಕ್ಲಿಯರ್ ಕೀಲಿ ಒತ್ತಲೆಂದು ಕಾಯುತ್ತಿದೆ ಎಂದರ್ಥ. ಕನ್ಸೋಲಿಗೆ ಬರೆಯಬೇಕಾದ ಸಂದೇಶಗಳು ಬಫರ್ ತುಂಬಿದ ಮೇಲೆ ಸಾಲುಗಟ್ಟಿ, ಅವುಗಳ ಹಿಂದೆ ಲಿನಕ್ಸೂ ಸಿಕ್ಕಿಹಾಕಿಕೊಳ್ಳಬಹುದು. ಸಿಪಿ ರೀಡ್ (ಸಿಪಿ ಎಂದರೆ ಜೆಡ್/ವಿಎಂನ ನಿಯಂತ್ರಣ ಪ್ರೋಗ್ರಾಂ) ಎಂದಿದ್ದರೆ ಗೆಸ್ಟು ಓಡುತ್ತಲೇ ಇಲ್ಲ, ಹೈಪರ್‌ವೈಸರ್ ಕಮಾಂಡಿಗಾಗಿ ಕಾದು ಕೂತಿದೆ. ಸೆಟ್ ರನ್ ಆನ್ ಇಲ್ಲದ ಕನ್ಸೋಲಿನಲ್ಲಿ ಯಾರೋ ಸುಮ್ಮನೆ ಎಂಟರ್ ಒತ್ತಿದರೂ ಈ ಸ್ಥಿತಿ ಬರಬಹುದು, ಆಗ ಬಿಗಿನ್ ಎಂಬ ಕಮಾಂಡ್ ಕೊಟ್ಟರೆ ಲಿನಕ್ಸ್ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಅದೇ ಕನ್ಸೋಲಿನಲ್ಲಿ ಎಚ್‌ಸಿಪಿಜಿಐಆರ್450ಡಬ್ಲ್ಯೂ ಎಂಬ ಸಂದೇಶವೂ ಡಿಸೇಬಲ್ಡ್ ವೇಟ್ ಪಿಎಸ್‌ಡಬ್ಲ್ಯೂ ಎಂಬ ಮಾತೂ ಕಂಡರೆ ಕರ್ನೆಲ್ ಕುಸಿದಿದೆ. ಬಿಗಿನ್ ಕೊಟ್ಟು ಪ್ರಯೋಜನವಿಲ್ಲ, ಮರುಚಾಲನೆಗೆ ಮೊದಲು ಡಂಪ್ (ಆ ಕ್ಷಣದ ಮೆಮೊರಿಯ ನಕಲು) ತೆಗೆಯಬೇಕು. ಚಿಕ್ಕ ಗೆಸ್ಟಿಗೆ ವಿಎಂಡಂಪ್ ಸಾಕು. ಮೆಮೊರಿ ದೊಡ್ಡದಿದ್ದರೆ ಅದು ಬಹಳ ಹೊತ್ತು ತೆಗೆದುಕೊಳ್ಳುವುದರಿಂದ ಕೆಡಂಪ್ ಅಥವಾ ಡಿಸ್ಕಿಗೆ ತೆಗೆಯುವ ಸ್ಟ್ಯಾಂಡ್‌ಅಲೋನ್ ಡಂಪ್ ಮೇಲು.

ಕನ್ಸೋಲಿನಿಂದ ಹೊರಬರುವಾಗ ಡಿಸ್ಕನೆಕ್ಟ್ ಕೊಡಬೇಕು, ಲಾಗಾಫ್ ಕೊಡಲೇಬಾರದು. ಲಾಗಾಫ್ ಎಂದರೆ ಇಲ್ಲಿ ಓಡುತ್ತಿರುವ ಸರ್ವರಿನ ವಿದ್ಯುತ್ತನ್ನೇ ಕಿತ್ತಂತೆ.

ಎಸ್‌ಟಿ ಎಂಬ ಕಾಲಂ

ಸರ್ವರ್ ಜೀವಂತವಿದೆ, ಲೈನೂ ಸರಿಯಿದೆ, ಆದರೂ ನಿಧಾನ ಎಂದಾದ ಮೇಲೆ ಗೆಸ್ಟಿನಲ್ಲಿ ವಿಎಂಸ್ಟ್ಯಾಟ್ ಕಮಾಂಡನ್ನು 5 ಸೆಕೆಂಡಿನ ಅಂತರದಲ್ಲಿ ಓಡಿಸಿ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಸರ್ವರ್ ಆರಂಭವಾದಂದಿನಿಂದ ಇಂದಿನವರೆಗಿನ ಸರಾಸರಿ. ಉದಾಹರಣೆಗೆ, ನಂತರದ ಒಂದು ಸಾಲಿನ ಬಲತುದಿಯಲ್ಲಿ ಯುಎಸ್ 31, ಎಸ್‌ವೈ 9, ಐಡಿ 14, ಡಬ್ಲ್ಯೂಎ 2, ಎಸ್‌ಟಿ 44 ಎಂದಿದೆಯೆನ್ನೋಣ. ಕ್ರಮವಾಗಿ ಇವು ಅಪ್ಲಿಕೇಶನ್ನು ಬಳಸಿದ ಸಮಯ, ಕರ್ನೆಲ್ ಬಳಸಿದ ಸಮಯ, ಸುಮ್ಮನಿದ್ದ ಸಮಯ, ಡಿಸ್ಕಿಗಾಗಿ ಕಾದ ಸಮಯ ಮತ್ತು ಸ್ಟೀಲ್, ಅಂದರೆ ಕಸಿದುಹೋದ ಸಮಯದ ಪ್ರತಿಶತ. ಎಕ್ಸ್86 ಅಭ್ಯಾಸದವರು ಮೊದಲೆರಡನ್ನು ಕೂಡಿಸಿ 40 ಪ್ರತಿಶತ ಬಳಕೆ ಎಂದು ಬರೆದು ಮುಂದೆ ಹೋಗುತ್ತಾರೆ. ಅಸಲು ಮಾತು ಕೊನೆಯ ಅಂಕಿಯಲ್ಲಿದೆ. ಗೆಸ್ಟಿಗೆ ಕೆಲಸವಿತ್ತು, ಅದರ ವರ್ಚುವಲ್ ಪ್ರೊಸೆಸರ್ ಓಡಲು ಸಿದ್ಧವಿತ್ತು, ಆದರೆ 44 ಪ್ರತಿಶತ ಸಮಯ ಅದರ ಕೆಳಗೆ ನಿಜವಾದ ಪ್ರೊಸೆಸರ್ ಇರಲಿಲ್ಲ. ಬೇಕಾಗಿದ್ದುದು 84, ಸಿಕ್ಕಿದ್ದು 40. ನಿಗಾ ಪರದೆಯ ಗ್ರಾಫಿನಲ್ಲಿ ಸ್ಟೀಲ್ ಅಂಕಿಯನ್ನು ಸೇರಿಸದೆ ಯುಎಸ್, ಎಸ್‌ವೈಗಳನ್ನಷ್ಟೇ ಬಿಡಿಸಿದ್ದರೆ ಆ ಗ್ರಾಫು ಮೇನ್‌ಫ್ರೇಮಿನ ಮಟ್ಟಿಗೆ ಬಳಕೆಗೆ ಬಾರದ್ದು. ಅದನ್ನು ಇಂದೇ ತಿದ್ದಬೇಕು.

ಆದರೆ ಸ್ಟೀಲ್ ಅಂಕಿ ಕೊರತೆಯಿದೆ ಎಂದು ಹೇಳುತ್ತದೆಯೇ ಹೊರತು ಯಾರು ಕಸಿದುಕೊಂಡರು ಎಂದು ಹೇಳುವುದಿಲ್ಲ. ಪಕ್ಕದ ಗೆಸ್ಟುಗಳು ತಿಂದಿರಬಹುದು, ಪಕ್ಕದ ಎಲ್‌ಪಾರ್ ತಿಂದಿರಬಹುದು. ಜೆಡ್/ವಿಎಂ ಇದೇ ಗೆಸ್ಟಿನ ಪರವಾಗಿ ಡಿಸ್ಕ್ ಮತ್ತು ನೆಟ್‌ವರ್ಕ್ ಕೆಲಸಗಳನ್ನು ನಿಭಾಯಿಸಲು ತೆಗೆದುಕೊಂಡ ಸಮಯವೂ ಇದರಲ್ಲೇ ಸೇರಿರುತ್ತದೆ. ಒಂದಂಕಿಯ ಸ್ಟೀಲಿಗೆ ಗಾಬರಿಯಾಗಬೇಕಿಲ್ಲ, ಹಂಚಿಕೊಂಡು ಬಾಳುವ ಯಂತ್ರದಲ್ಲಿ ಅದು ಸಹಜ. ದಿನದ ಒಂದೇ ಹೊತ್ತಿಗೆ ಅದು ಏರುತ್ತದೆಯೇ, ಏರಿದಾಗಲೇ ದೂರೂ ಬರುತ್ತದೆಯೇ ಎಂಬುದನ್ನು ನೋಡಬೇಕು.

ಪಾಲಿನ ಲೆಕ್ಕ

ಇನ್ನು ಒಂದು ಅಂತಸ್ತು ಕೆಳಗಿಳಿಯಬೇಕು. ಲಿನಕ್ಸಿನೊಳಗಿಂದಲೇ ವಿಎಂಸಿಪಿ ಎಂಬ ಕಮಾಂಡಿನ ಮೂಲಕ ಜೆಡ್/ವಿಎಂಗೆ ಪ್ರಶ್ನೆ ಹಾಕಬಹುದು. ಇಂಡಿಕೇಟ್ ಲೋಡ್ ಕೇಳಿದರೆ ಒಟ್ಟು ಪ್ರೊಸೆಸರುಗಳ ಸರಾಸರಿ ಭಾರ ತಿಳಿಯುತ್ತದೆ. ಜೆಡ್/ವಿಎಂ ತನ್ನ ಕಮಾಂಡುಗಳನ್ನು ಅಕ್ಷರದ ಹೆಸರಿನ ಅಧಿಕಾರ ದರ್ಜೆಗಳಾಗಿ ವಿಂಗಡಿಸಿದೆ; ಸಾಮಾನ್ಯ ಗೆಸ್ಟಿಗೆ ಇರುವುದು ಜಿ ದರ್ಜೆಯ ಅಧಿಕಾರ ಮಾತ್ರವಾದ್ದರಿಂದ ಎಲ್ಲ ವಿವರ ಸಿಗದು. ಕ್ವೆರಿ ಶೇರ್ ಕಮಾಂಡಿಗೆ ಎ ಅಥವಾ ಇ ದರ್ಜೆ ಬೇಕು, ಹೈಪ್‌ಟಾಪ್ ಎಂಬ ಉಪಕರಣದಲ್ಲಿ ಅಕ್ಕಪಕ್ಕದ ಗೆಸ್ಟುಗಳನ್ನು ನೋಡಲು ಬಿ ದರ್ಜೆ ಬೇಕು. ನಿಗಾ ಇಡಲೆಂದೇ ಒಂದು ಗೆಸ್ಟಿಗೆ ಈ ಅಧಿಕಾರಗಳನ್ನು ಕೊಡಿಸಿ, ಉಳಿದ ಎಲ್ಲವನ್ನೂ ಜಿ ದರ್ಜೆಯಲ್ಲೇ ಇಡುವುದು ಒಳ್ಳೆಯದು.

ಪ್ರತಿ ಗೆಸ್ಟಿಗೂ ಒಂದು ಶೇರ್, ಅಂದರೆ ಪಾಲು ಇರುತ್ತದೆ. ಯಾರೂ ಏನೂ ಹೇಳದಿದ್ದರೆ ಅದು ರಿಲೇಟಿವ್ 100. ಇದು ಶೇಕಡಾವಾರು ಅಲ್ಲ, ಆ ಹೊತ್ತಿಗೆ ಓಡಲು ಕಾಯುತ್ತಿರುವ ಎಲ್ಲರ ಪಾಲುಗಳ ಮೊತ್ತದಲ್ಲಿ ಇವನದೆಷ್ಟು ಎಂಬ ಅನುಪಾತ. ನಾಲ್ಕು ಐಎಫ್‌ಎಲ್ ಇರುವ ಜೆಡ್/ವಿಎಂನಲ್ಲಿ ತಲಾ 100 ಪಾಲಿನ ಹತ್ತು ಗೆಸ್ಟುಗಳು ಒಟ್ಟಿಗೆ ಎದ್ದು ಕುಳಿತರೆ ಒಬ್ಬೊಬ್ಬರ ಹಕ್ಕು ಹತ್ತರಲ್ಲೊಂದು, ಅಂದರೆ 0.4 ಐಎಫ್‌ಎಲ್. ಉಳಿದವರು ಮಲಗಿದ್ದರೆ ಇದಕ್ಕಿಂತ ಹೆಚ್ಚೇ ಸಿಗುತ್ತದೆ. ಹಗಲು ಎಲ್ಲ ಸರಿಯಿದ್ದು ಸಂಜೆ ಮಾತ್ರ ಕೈಕೊಡುವುದರ ಗುಟ್ಟು ಇದೇ: ಹಗಲು ಸಿಗುತ್ತಿದ್ದುದು ಹಕ್ಕಿನ ಪಾಲಲ್ಲ, ಬೇರೆಯವರು ಬಳಸದೆ ಬಿಟ್ಟದ್ದು.

ಈಗ ಆ ಗೆಸ್ಟಿಗೆ ಎರಡು ವರ್ಚುವಲ್ ಪ್ರೊಸೆಸರಿದ್ದರೆ ಪಾಲು ಅವೆರಡಕ್ಕೂ 50ರಂತೆ ಹಂಚಿಹೋಗುತ್ತದೆ. ಪರಿಹಾರವೆಂದು ಆರಕ್ಕೆ ಏರಿಸಿದರೆ ಒಂದೊಂದಕ್ಕೂ 17ರ ಆಸುಪಾಸು. ಅದೇ ಒಂದು ಸೇರು ಅಕ್ಕಿಯನ್ನು ಎರಡು ಪಾತ್ರೆಯಿಂದ ತೆಗೆದು ಆರು ಪಾತ್ರೆಗೆ ಸುರಿದಷ್ಟೇ ಆಯಿತು. ಅಲ್ಲಿಗೂ ನಿಲ್ಲದು: ಲಿನಕ್ಸ್ ಕರ್ನೆಲ್ಲಿನೊಳಗೆ ಒಂದು ವರ್ಚುವಲ್ ಪ್ರೊಸೆಸರ್ ಬೀಗವೊಂದನ್ನು ಹಿಡಿದಿರುವಾಗಲೇ ಅದರ ಸರದಿ ಮುಗಿದು ಕೆಳಗಿಳಿದರೆ, ಉಳಿದ ಐದೂ ಆ ಬೀಗಕ್ಕಾಗಿ ಕಾಯುತ್ತವೆ. ಡಯಾಗ್ನೋಸ್ 9ಸಿ ಎಂಬ ಕರೆಯ ಮೂಲಕ ಲಿನಕ್ಸ್ ತನ್ನ ಸರದಿಯನ್ನು ಬೀಗ ಹಿಡಿದವನಿಗೆ ಬಿಟ್ಟುಕೊಡಬಲ್ಲುದಾದ್ದರಿಂದ ನಷ್ಟ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಹಾಗಾಗಿ ಸ್ಟೀಲ್ ಹೆಚ್ಚಿರುವ ಗೆಸ್ಟಿಗೆ ನನ್ನ ಮೊದಲ ಸಲಹೆ ತಲೆಕೆಳಗಾದದ್ದು. ಪ್ರೊಸೆಸರುಗಳನ್ನು ಕಡಿಮೆ ಮಾಡಿ ನೋಡಿ. ಚ್‌ಸಿಪಿಯು ಕಮಾಂಡಿನಿಂದ ಓಡುತ್ತಿರುವಾಗಲೇ ಒಂದೆರಡನ್ನು ಆಫ್‌ಲೈನ್ ಮಾಡಬಹುದು, ನಿಂತವುಗಳ ಪಾಲು ಉಳಿದವಕ್ಕೆ ಸೇರುತ್ತದೆ, ಫಲ ಕಾಣದಿದ್ದರೆ ಮರಳಿ ಆನ್‌ಲೈನ್ ಮಾಡಲು ಮರುಚಾಲನೆಯೂ ಬೇಡ. ಎಲ್ಲ ವರ್ಚುವಲ್ ಪ್ರೊಸೆಸರುಗಳೂ ನಿಜಕ್ಕೂ ಬೇಕೆಂದು ಕಂಡುಬಂದರೆ ಆಗ ಸೆಟ್ ಶೇರ್ ಮೂಲಕ ಪಾಲನ್ನೇ ಹೆಚ್ಚಿಸಬೇಕು. ಇದನ್ನು ಮಾಡುವಾಗ ಹಳೆಯ ಲಿಮಿಟ್‌ಹಾರ್ಡ್ ಮಿತಿಯೇನಾದರೂ ಉಳಿದಿದೆಯೇ ಎಂದೂ ನೋಡಿ. ಆ ಮಿತಿ ಇದ್ದರೆ ಯಂತ್ರ ಖಾಲಿಯಿದ್ದರೂ ಗೆಸ್ಟಿಗೆ ಅದರಾಚೆ ಸಿಗದು.

ಇಡೀ ಜೆಡ್/ವಿಎಂನ ಎಲ್ಲ ಗೆಸ್ಟುಗಳಲ್ಲೂ ಒಟ್ಟಿಗೆ ಸ್ಟೀಲ್ ಏರಿದ್ದರೆ ಪಾಲನ್ನು ತಿದ್ದಿ ಫಲವಿಲ್ಲ, ಕೊರತೆ ಎಲ್‌ಪಾರ್ ಮಟ್ಟದ್ದು. ಹತ್ತು ಐಎಫ್‌ಎಲ್ ಹಂಚಿಕೊಳ್ಳುವ ಯಂತ್ರದಲ್ಲಿ ನಮ್ಮ ಎಲ್‌ಪಾರ್‌ನ ತೂಕ ಒಟ್ಟು 1000ದಲ್ಲಿ 300 ಇದ್ದರೆ ಖಚಿತವಾಗಿ ಸಿಗುವುದು ಮೂರರಷ್ಟು, ನಾವು ಆರು ಲಾಜಿಕಲ್ ಪ್ರೊಸೆಸರ್ ಕಂಡರೂ ಅಷ್ಟೇ. ಜೆಡ್/ವಿಎಂನ ನಿಗಾ ಸಾಧನವಾದ ಪರ್ಫಾರ್ಮೆನ್ಸ್ ಟೂಲ್‌ಕಿಟ್ಟಿನ ಎಲ್‌ಪಾರ್ ವರದಿ, ಅಂದರೆ ಎಫ್‌ಸಿಎಕ್ಸ್126, ಇದನ್ನು ನೇರವಾಗಿ ತೋರಿಸುತ್ತದೆ. ಅದರಲ್ಲಿ ಸಸ್ಪ್ ಎಂಬ ಕಾಲಂ ಏರಿದ್ದರೆ ಲಾಜಿಕಲ್ ಪ್ರೊಸೆಸರುಗಳೇ ನಿಜವಾದ ಪ್ರೊಸೆಸರಿಗಾಗಿ ಕಾಯುತ್ತಿವೆ. ತೂಕವನ್ನು ಬದಲಿಸುವವರು ಎಚ್‌ಎಂಸಿ (ಇಡೀ ಯಂತ್ರವನ್ನು ನಿಯಂತ್ರಿಸುವ ಕನ್ಸೋಲ್) ನೋಡಿಕೊಳ್ಳುವ ತಂಡದವರು, ನಮ್ಮ ಪಾಳಿಯ ಕೆಲಸ ಈ ವರದಿಯೊಂದಿಗೆ ಅವರನ್ನು ಕೇಳುವುದು. ಹೈಪ್‌ಟಾಪನ್ನು ನೇರವಾಗಿ ಎಲ್‌ಪಾರ್‌ನಲ್ಲಿ ಓಡುವ ಲಿನಕ್ಸಿನಲ್ಲಿ ಬಳಸಿ ಪಕ್ಕದ ಎಲ್‌ಪಾರ್‌ಗಳನ್ನು ನೋಡುವುದಾದರೆ ಆ ಎಲ್‌ಪಾರ್‌ನ ಆಕ್ಟಿವೇಶನ್ ಪ್ರೊಫೈಲಿನಲ್ಲಿ (ಸಂರಚನೆಯ ದಾಖಲೆಯಲ್ಲಿ) ಗ್ಲೋಬಲ್ ಪರ್ಫಾರ್ಮೆನ್ಸ್ ಡೇಟಾ ಕಂಟ್ರೋಲ್ ಅನುಮತಿ ಇರಬೇಕು.

ನಿಗಾ ಇಡುವುದೇ ಭಾರವಾದಾಗ

ಸ್ಟೀಲ್ ಗ್ರಾಫನ್ನು ನಿಮಿಷದ ಮಟ್ಟಕ್ಕೆ ಹಿಗ್ಗಿಸಿ ನೋಡಿದರೆ ಎಷ್ಟೋ ಸಲ ಒಂದು ವಿನ್ಯಾಸ ಕಾಣುತ್ತದೆ. ಸಂಜೆಯ ಏರುವಿಕೆ ನಯವಾದ ಗುಡ್ಡದಂತಿರದೆ, ಆರು ಗಂಟೆಗೆ ಸರಿಯಾಗಿ, ಮತ್ತೆ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ಎದ್ದ ಕಡ್ಡಿಗಳಂತಿರುತ್ತದೆ. ಎಲ್ಲ ಗೆಸ್ಟುಗಳೂ ಒಂದೇ ಮೂಲ ಇಮೇಜಿನಿಂದ ನಕಲಾದವು. ಹಾಗಾಗಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ಹೊರಡಿಸುವ ವ್ಯವಸ್ಥೆ) ಪಟ್ಟಿಯೂ ಒಂದೇ, ಸಿಸ್‌ಸ್ಟ್ಯಾಟ್ ಮಾಹಿತಿ ಸಂಗ್ರಹ, ಲಾಗ್ ಸಂಕುಚನ, ಭದ್ರತಾ ತಪಾಸಣೆ, ಎಲ್ಲವೂ ಒಂದೇ ಕ್ಷಣಕ್ಕೆ ಹೊರಡುತ್ತವೆ. ಬೇರೆ ಬೇರೆ ಯಂತ್ರಗಳಲ್ಲಾದರೆ ಇದು ಯಾರಿಗೂ ತಿಳಿಯದೆ ಕಳೆದುಹೋಗುತ್ತಿತ್ತು. ನಾಲ್ಕು ಐಎಫ್‌ಎಲ್ ಹಂಚಿಕೊಂಡಿರುವ ನಲವತ್ತು ಗೆಸ್ಟುಗಳಲ್ಲಿ ಇದು ದಿನದ ಲೆಕ್ಕ ಮುಗಿಸುವ ಕೆಲಸದ ಕತ್ತು ಹಿಡಿಯುತ್ತದೆ. ಕ್ರಾನಿನ ಬದಲು ಬಳಸಬಹುದಾದ ಸಿಸ್ಟಮ್‌ಡಿ ಟೈಮರುಗಳಲ್ಲಿ ರ್‍ಯಾಂಡಮೈಸ್ಡ್‌ಡಿಲೇಸೆಕ್ ಎಂಬ ಆಯ್ಕೆಯಿದೆ, ಅದಕ್ಕೆ ಕೆಲವು ನಿಮಿಷಗಳ ಬೆಲೆ ಕೊಟ್ಟರೆ ಒಂದೊಂದು ಗೆಸ್ಟೂ ಒಂದೊಂದು ಹೊತ್ತಿಗೆ ಹೊರಡುತ್ತದೆ. ಕ್ರಾನಿನಲ್ಲೇ ಉಳಿಸಿಕೊಳ್ಳುವುದಾದರೆ ನಿಮಿಷದ ಅಂಕಿಯನ್ನು ಗೆಸ್ಟಿನ ಹೆಸರಿಗೆ ತಕ್ಕಂತೆ ಬದಲಿಸುವ ವ್ಯವಸ್ಥೆಯನ್ನು ಇಮೇಜಿನಲ್ಲೇ ಸೇರಿಸಿ. ಖರ್ಚಿಲ್ಲದ ಈ ತಿದ್ದುಪಡಿಯಿಂದ ಮುಗಿದುಹೋಗುವ ದೂರಿಗೆ ಹೊಸ ಐಎಫ್‌ಎಲ್ ಕೊಳ್ಳುವ ಪ್ರಸ್ತಾವನೆ ಬರೆಯುವುದು ಸರಿಯಲ್ಲ.

ನಿಗಾ ತಂತ್ರಾಂಶದ ಏಜೆಂಟುಗಳೂ ಇದೇ ಜಾತಿಯವು. ಸೆಕೆಂಡಿಗೊಮ್ಮೆ ಎದ್ದು ನೂರಾರು ಪ್ರಾಕ್ ಕಡತಗಳನ್ನು ಓದುವ ಏಜೆಂಟು ಖಾಲಿ ಕುಳಿತ ಗೆಸ್ಟನ್ನೂ ಮಲಗಲು ಬಿಡುವುದಿಲ್ಲ. ಮಲಗದ ಗೆಸ್ಟು ಜೆಡ್/ವಿಎಂನ ಡಿಸ್ಪ್ಯಾಚ್ ಪಟ್ಟಿಯಲ್ಲೇ ಉಳಿಯುತ್ತದೆ. ಪಾಲಿನ ಲೆಕ್ಕ ಹಾಕುವಾಗ ಅದೂ ಎಣಿಕೆಗೆ ಬರುತ್ತದೆ, ಅದರ ಮೆಮೊರಿ ಪುಟಗಳನ್ನು ಹೊರಗೆ ಹಾಕಲೂ ಹೈಪರ್‌ವೈಸರ್ ಹಿಂಜರಿಯುತ್ತದೆ. ಪರೀಕ್ಷೆಗೆಂದು ಇಟ್ಟ ಗೆಸ್ಟುಗಳಿಗೆ ಒಂದು ನಿಮಿಷದ ಅಂತರ ಧಾರಾಳ ಸಾಕು. ಗೆಸ್ಟು ಗೆಸ್ಟಿನೊಳಗೆ ಹೊಕ್ಕು ಕೇಳುವ ಬದಲು ಜೆಡ್/ವಿಎಂ ತಾನೇ ಸಂಗ್ರಹಿಸುವ ಮಾನಿಟರ್ ದಾಖಲೆಗಳನ್ನು ಬಳಸಿದರೆ ಪ್ರೊಸೆಸರ್, ಪೇಜಿಂಗ್, ಡಿಸ್ಕ್ ಅಂಕಿಗಳು ಹೆಚ್ಚು ಕಡಿಮೆ ಪುಕ್ಕಟೆಯಾಗಿ ಸಿಗುತ್ತವೆ.

ಮೆಮೊರಿ

ಲಿನಕ್ಸ್ ತನಗೆ ಕೊಟ್ಟ ಮೆಮೊರಿಯನ್ನು ಖಾಲಿ ಬಿಡುವುದಿಲ್ಲ, ಉಳಿದದ್ದನ್ನೆಲ್ಲ ಕಡತಗಳ ಕ್ಯಾಶೆಗೆ ತುಂಬಿಕೊಳ್ಳುತ್ತದೆ. ಒಂಟಿ ಯಂತ್ರದಲ್ಲಿ ಇದು ಸದ್ಗುಣ. ಇಲ್ಲಿ ಪ್ರತಿ ಗೆಸ್ಟೂ ಹಾಗೆ ಮಾಡಿದರೆ ಜೆಡ್/ವಿಎಂ ತನ್ನ ಡಿಸ್ಕಿಗೆ ಪೇಜಿಂಗ್, ಅಂದರೆ ಮೆಮೊರಿ ಪುಟಗಳನ್ನು ಡಿಸ್ಕಿಗೆ ಸಾಗಿಸುವುದನ್ನು, ಶುರುಮಾಡುತ್ತದೆ, ಆಗ ಲಿನಕ್ಸಿನ ಒಳಗೆ ಎಸ್‌ಐ, ಎಸ್‌ಒ (ಲಿನಕ್ಸ್ ತಾನೇ ಮಾಡುವ ಇಂಥದೇ ಸಾಗಾಟ, ಅಂದರೆ ಸ್ವಾಪ್ ತೋರಿಸುವ) ಕಾಲಂಗಳು ಸೊನ್ನೆಯೇ ಇದ್ದರೂ ಪುಟವೊಂದು ಡಿಸ್ಕಿನಿಂದ ಬರುವುದಕ್ಕೆ ಅಪ್ಲಿಕೇಶನ್ ಕಾಯುತ್ತಿರುತ್ತದೆ. ವಿಎಂಸಿಪಿ ಮೂಲಕ ಇಂಡಿಕೇಟ್ ಯೂಸರ್ ಕೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳಿ. ರೀಡ್ಸ್ ಎಂಬ ಅಂಕಿ ಈ ನಡುವೆ ಬಹಳ ಏರಿದ್ದರೆ ನಿಧಾನಕ್ಕೆ ಕಾರಣ ಅಲ್ಲಿದೆ. ಆಗ ಗೆಸ್ಟಿನ ಮೆಮೊರಿಯನ್ನು ಹೆಚ್ಚಿಸುವುದು ಉರಿಗೆ ತುಪ್ಪ ಸುರಿದಂತೆ. ಬದಲಿಗೆ ಅದನ್ನು ಹಂತಹಂತವಾಗಿ ಇಳಿಸಿ, ಲಿನಕ್ಸ್ ಅಷ್ಟಿಷ್ಟು ಸ್ವಾಪ್ ಮಾಡತೊಡಗುವ ಅಂಚಿನಲ್ಲಿ ನಿಲ್ಲಿಸಿ, ಆ ಸ್ವಾಪ್ ಜಾಗವನ್ನು ಮೆಮೊರಿಯಲ್ಲೇ ಇರುವ ವಿಡಿಸ್ಕಿನ ಮೇಲೆ ಕೊಡುವುದು ಬಹುಕಾಲದಿಂದ ಬಂದ ಕ್ರಮ. ದೊಡ್ಡ ಡೇಟಾಬೇಸ್ ಗೆಸ್ಟಿಗೆ ಮಾತ್ರ ಇದನ್ನು ಕಣ್ಣು ಮುಚ್ಚಿ ಅನ್ವಯಿಸಬೇಡಿ; ಅದರ ಬಫರಿನ ಅಳತೆಯನ್ನು ಡೇಟಾಬೇಸ್ ನೋಡಿಕೊಳ್ಳುವವರೊಡನೆ ಕೂತು ತೀರ್ಮಾನಿಸಬೇಕು.

ಜೆಡ್/ವಿಎಂ ಆಡಳಿತದವರು ಕ್ವೆರಿ ಅಲಾಕ್ ಪೇಜ್ ಅಂಕಿಯನ್ನು ದಿನವೂ ನೋಡಲಿ. ಪೇಜಿಂಗ್ ಜಾಗದ ಬಳಕೆ 50 ಪ್ರತಿಶತವನ್ನು ದಾಟದಂತೆ ನೋಡಿಕೊಳ್ಳುವುದು ಹಳೆಯ ರೂಢಿ. ಅದು ಪೂರ್ತಿ ತುಂಬಿದರೆ ಪಿಜಿಟಿ004 ಎಂಬ ಸಂಕೇತದೊಂದಿಗೆ ಹೈಪರ್‌ವೈಸರೇ ಬಿದ್ದು, ಅದರ ಮೇಲಿನ ಎಲ್ಲ ಸರ್ವರುಗಳೂ ಒಟ್ಟಿಗೆ ಹೋಗುತ್ತವೆ.

ಡಿಸ್ಕ್

ಪ್ರೊಸೆಸರ್, ಮೆಮೊರಿ ಎರಡೂ ನಿರ್ದೋಷಿಯೆಂದು ಕಂಡು, ವಿಎಂಸ್ಟ್ಯಾಟಿನಲ್ಲಿ ಡಬ್ಲ್ಯೂಎ ಏರಿದ್ದರೆ ಡಿಸ್ಕಿನ ಕಡೆ ಹೊರಳಬೇಕು. ಎಲ್‌ಎಸ್‌ಡ್ಯಾಸ್ಡಿ ಕಮಾಂಡು ತೋರಿಸುವ 3390 ಮಾದರಿಯ ಡಿಸ್ಕುಗಳಲ್ಲಿ ಒಂದು ಸಾಧನಕ್ಕೆ ಒಂದು ಹೊತ್ತಿಗೆ ಒಂದೇ ಕೋರಿಕೆ ಹೋಗುತ್ತದೆ, ಉಳಿದವು ಲಿನಕ್ಸಿನ ಸರದಿಯಲ್ಲಿ ನಿಲ್ಲುತ್ತವೆ. ಹೈಪರ್‌ಪ್ಯಾವ್ ಅಲಿಯಾಸ್‌ಗಳನ್ನು (ಡಿಸ್ಕನ್ನು ತಲುಪುವ ಹೆಚ್ಚುವರಿ ವಿಳಾಸಗಳನ್ನು) ಗೆಸ್ಟಿಗೆ ಕೊಟ್ಟರೆ ಅದೇ ಡಿಸ್ಕಿಗೆ ಹಲವು ಕೋರಿಕೆಗಳು ಏಕಕಾಲಕ್ಕೆ ಹೋಗಬಲ್ಲವು. ಆನ್‌ಲೈನ್ ಆದ ಅಲಿಯಾಸ್‌ಗಳು ಎಲ್‌ಎಸ್‌ಡ್ಯಾಸ್ಡಿ ಪಟ್ಟಿಯಲ್ಲಿ ಅಲಿಯಾಸ್ ಎಂದೇ ಕಾಣುತ್ತವೆ. ಡಿಸ್ಕಿನ ಅಂಕಿಅಂಶ ಸಂಗ್ರಹಿಸುವ ಡ್ಯಾಸ್ಡಿಸ್ಟ್ಯಾಟ್ ಅನ್ನು ಸಂಜೆಯ ಹೊತ್ತಿಗೆ ಮಾತ್ರ ಆನ್ ಮಾಡಿ, ಕೋರಿಕೆಗಳು ಸರದಿಯಲ್ಲಿ ಕಳೆದ ಸಮಯವನ್ನೂ ಡಿಸ್ಕಿನಲ್ಲಿ ಕಳೆದ ಸಮಯವನ್ನೂ ಹೋಲಿಸಿ. ಮೊದಲನೆಯದು ದೊಡ್ಡದಾದರೆ ಅಲಿಯಾಸ್ ಸಾಲದು, ಎರಡನೆಯದು ದೊಡ್ಡದಾದರೆ ಸ್ಟೋರೇಜ್ ತಂಡಕ್ಕೆ ಹೇಳಬೇಕು. ಫೈಬರ್ ಚಾನೆಲ್ಲಿನ ಡಿಸ್ಕುಗಳಾದರೆ ಮಲ್ಟಿಪಾತ್ ಪಟ್ಟಿಯಲ್ಲಿ ಎಲ್ಲ ದಾರಿಗಳೂ ಜೀವಂತವಿವೆಯೇ ನೋಡಿ. ಎಲ್‌ಎಸ್‌ಚ್‌ಪಿ ಕಮಾಂಡಿನಲ್ಲಿ ಯಾವುದಾದರೂ ಚಾನೆಲ್ ದಾರಿ ಆಫ್ ಆಗಿದ್ದರೆ ಅರ್ಧ ದಾರಿಯಲ್ಲಿ ಪೂರ್ತಿ ಸಂಚಾರ ಸಾಗುತ್ತಿರುತ್ತದೆ.

ಸಾಕ್ಷ್ಯ ಮತ್ತು ತಿದ್ದುಪಡಿ

ರಾತ್ರಿ ಪಾಳಿಯವರಿಗೆ ಒಪ್ಪಿಸುವ ಮೊದಲು ತೊಂದರೆ ಇರುವಾಗಲೇ ಡಿಬಿಜಿಇನ್ಫೋ ಸ್ಕ್ರಿಪ್ಟನ್ನು ಓಡಿಸಿ. ಎಸ್390 ಟೂಲ್ಸ್ ಪ್ಯಾಕೇಜಿನೊಂದಿಗೇ ಬರುವ ಇದು ಸಾಧನಗಳ ಪಟ್ಟಿ, ಕರ್ನೆಲ್ ದಾಖಲೆ, ಹೈಪರ್‌ವೈಸರಿನ ಉತ್ತರಗಳು ಎಲ್ಲವನ್ನೂ ಒಂದು ಕಟ್ಟಾಗಿ ಮಾಡುತ್ತದೆ, ಮತ್ತು ಯಾವ ಬೆಂಬಲ ತಂಡವಾದರೂ ಮೊದಲು ಕೇಳುವುದು ಅದನ್ನೇ. ಸಂಜೆಯ ತೊಂದರೆಗೆ ಬೆಳಿಗ್ಗೆ ತೆಗೆದ ಕಟ್ಟು ಅಷ್ಟೇನೂ ಉಪಯೋಗಕ್ಕೆ ಬಾರದು.

ಓಡುತ್ತಿರುವಾಗ ಮಾಡಿದ ತಿದ್ದುಪಡಿಗಳು ತಾತ್ಕಾಲಿಕ. ಸೆಟ್ ಶೇರ್‌ನಿಂದ ಕೊಟ್ಟ ಪಾಲು ಗೆಸ್ಟು ಲಾಗಾಫ್ ಆಗುವವರೆಗೆ ಮಾತ್ರ. ಅದನ್ನು ಜೆಡ್/ವಿಎಂನ ಯೂಸರ್ ಡೈರೆಕ್ಟರಿಯ (ಗೆಸ್ಟುಗಳ ಶಾಶ್ವತ ವಿವರಗಳ ದಾಖಲೆಯ) ಶೇರ್ ಸಾಲಿನಲ್ಲೂ ಬರೆಸದಿದ್ದರೆ ಮುಂದಿನ ನಿರ್ವಹಣಾ ದಿನದ ನಂತರ ಅದೇ ದೂರು ಅದೇ ಶಾಖೆಗಳಿಂದ ಮತ್ತೆ ಬರುತ್ತದೆ. ಹಾಗೆಯೇ ಚ್‌ಸಿಸಿಡಬ್ಲ್ಯೂಡೆವ್ ಬಳಸಿ ಆನ್‌ಲೈನ್ ಮಾಡಿದ ಅಲಿಯಾಸ್ ಮರುಚಾಲನೆಯಲ್ಲಿ ಮಾಯವಾಗುತ್ತದೆ, ಚ್‌ಜೆಡ್‌ಡೆವ್ ಬಳಸಿದರೆ ಉಳಿಯುತ್ತದೆ. ಯಾವ ಬದಲಾವಣೆಯನ್ನು ಎಲ್ಲಿ ಶಾಶ್ವತಗೊಳಿಸಲಾಯಿತು ಎಂಬುದನ್ನು ಟಿಕೆಟ್ಟಿನಲ್ಲಿ ಬರೆದ ಮೇಲಷ್ಟೇ ಅದನ್ನು ಮುಚ್ಚಬೇಕು.